ಬೇಕಂತಲೇ ಕತ್ತಲು ಮಾಡುವ ನಲವತ್ತು ದಿನ

ಕಾರವಾರದಿಂದ ಸ್ವಲ್ಪ ದೂರದ ಒಂದು ಊರಿನ ಇಗರ್ಜಿ. ಸತ್ತ ಯೇಸು ಮತ್ತೆ ಎದ್ದ ಹಬ್ಬ ಈಸ್ಟರ್, ಅದರ ಹಿಂದಿನ ಶನಿವಾರದ ರಾತ್ರಿ. ನಾನು ಕ್ರೈಸ್ತ ಅಲ್ಲ. ಪಕ್ಕದ ಮನೆ ಮಾವ್ಶಿಗೆ ಮೊಣಕಾಲು ನೋವು, ಸ್ಕೂಟರ್ ಮೇಲೆ ಕರೆದುಕೊಂಡು ಹೋಗುವ ಕೆಲಸ ನನ್ನದಾಗಿತ್ತು. ಹೋದವನು ಅಲ್ಲೇ ಕೂತೆ. ಜನರೆಲ್ಲ ಹೊರಗೆ ಅಂಗಳದಲ್ಲಿ ನಿಂತಿದ್ದರು. ವಯಸ್ಸಾದವರು ಮಾತ್ರ ಒಳಗೆ ಬೆಂಚಿನ ಮೇಲೆ. ಆ ರಾತ್ರಿಯ ಪೂಜೆ ಶುರುವಾಗುವ ಮೊದಲು ಒಳಗಿನ ದೀಪಗಳನ್ನೆಲ್ಲ ಆರಿಸಬೇಕು. ಯಾರೋ ಹೋಗಿ ಮೇನ್ ಸ್ವಿಚ್ ಇಳಿಸಿದರು. ಫ್ಯಾನುಗಳು ಸುಸ್ತಾದವರ ಹಾಗೆ ನಿಂತವು. ಒಂದು ಗಳಿಗೆ ಗಪ್ ಅಂತ ಕತ್ತಲು.

ಅಷ್ಟರಲ್ಲಿ ಗೋಡೆ ಮೇಲಿದ್ದ ಎಮರ್ಜೆನ್ಸಿ ಲೈಟ್ ಪಕ್ಕನೆ ಹತ್ತಿಕೊಂಡಿತು!

ಅದರ ಕೆಲಸವೇ ಅದು ಅಲ್ವಾ? ಕರೆಂಟ್ ಹೋದರೆ ಯಾರನ್ನೂ ಕೇಳದೆ ಹತ್ತಿಕೊಳ್ಳುವುದು. ಬೆಳ್ಳಗೆ ಕಣ್ಣು ಕುಕ್ಕುವ ಬೆಳಕು. ಹುಡುಗರು ಕಿಸಕ್ಕೆಂದರು. ಒಬ್ಬರು ಕುರ್ಚಿ ಹತ್ತಿ ತಡಕಾಡಿದರು, ಸ್ವಿಚ್ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಕೊನೆಗೆ ಮೊಳೆಯಿಂದಲೇ ಅದನ್ನು ಕಿತ್ತು ಕೆಳಗೆ ತಂದು, ಹೊಟ್ಟೆಗೆ ಒತ್ತಿ ಹಿಡಿದು ಕೂತರು. ಅಂಗಿಯೊಳಗಿಂದ ಇನ್ನೂ ಸ್ವಲ್ಪ ಬೆಳಕು ಸೋರುತ್ತಿತ್ತು.

ಮೂರು ನಿಮಿಷ ಕತ್ತಲಲ್ಲಿ ಕೂರಲಿಕ್ಕೆ ಇಷ್ಟೊಂದು ಒದ್ದಾಟ ಯಾಕೆ ಅಂತ ಆವತ್ತು ಅನಿಸಿತ್ತು. ಆಮೇಲೆ ಮಾವ್ಶಿಯನ್ನು ಕೇಳಿ, ಫಾದರ್ ಹತ್ತಿರ ಮಾತಾಡಿ, ಅಲ್ಲಿ ಇಲ್ಲಿ ಓದಿದ ಮೇಲೆ ಒಂದು ವಿಷಯ ತಿಳಿಯಿತು. ಆ ಮೂರು ನಿಮಿಷಕ್ಕೆ ತಯಾರಿ ಶುರುವಾಗುವುದು ಆರು ವಾರಕ್ಕೂ ಮೊದಲು. ಈಸ್ಟರಿಗೆ ಮೊದಲಿನ ಆ ಉಪವಾಸದ ದಿನಗಳಿಗೆ ಕನ್ನಡದಲ್ಲಿ ತಪಸ್ಸು ಕಾಲ ಅನ್ನುತ್ತಾರೆ. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಕರೆಜ್ಮ. ಪೋರ್ಚುಗೀಸರ 'ಕ್ವಾರೆಸ್ಮ'ದಿಂದ ಬಂದ ಮಾತು. ಅದರ ಬೇರು ನಲವತ್ತನೆಯದು ಅನ್ನುವ ಅರ್ಥದ ಲ್ಯಾಟಿನ್ ಶಬ್ದದಲ್ಲಿದೆ. ಇಂಗ್ಲಿಷಿನ 'ಲೆಂಟ್' ಬೇರೆ ದಾರಿಯದ್ದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ವಸಂತ ಅಂತ ಅರ್ಥ, ಹಗಲು ಉದ್ದವಾಗುವ ಕಾಲ. ಚಳಿದೇಶದವರಿಗೆ ಅದು ಕತ್ತಲು ಕಮ್ಮಿಯಾಗುವ ಹೊತ್ತು. ನಮಗೆ ಸೆಕೆ ಜಾಸ್ತಿಯಾಗುವ ಹೊತ್ತು!

ಮೊದಲು ಲೆಕ್ಕ. ಹಣೆಗೆ ಬೂದಿ ಹಚ್ಚಿ ಈ ಕಾಲ ಶುರು ಮಾಡುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ. ಹಾಗಾದರೆ ನಲವತ್ತು ಹೇಗೆ? ನಡುವೆ ಬರುವ 6 ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಭಾನುವಾರವೂ ಯೇಸು ಎದ್ದ ದಿನದ ನೆನಪು, ಆ ದಿನ ಉಪವಾಸ ಇಲ್ಲ. ಅಂದರೆ ಈ ಕತ್ತಲ ಕಾಲದಲ್ಲೂ ವಾರಕ್ಕೊಂದು ಕಿಟಕಿ ಇಟ್ಟಿದ್ದಾರೆ. ನಲವತ್ತು ಅನ್ನುವ ಸಂಖ್ಯೆ ಯೇಸು ಮರುಭೂಮಿಯಲ್ಲಿ ಉಪವಾಸ ಇದ್ದ ದಿನಗಳದ್ದು.

ತಾರೀಕು ಪ್ರತಿ ವರ್ಷ ಬದಲಾಗುತ್ತದೆ. 2025ರಲ್ಲಿ ಬೂದಿ ಬುಧವಾರ ಮಾರ್ಚ್ 5, ಈಸ್ಟರ್ ಏಪ್ರಿಲ್ 20. 2026ರಲ್ಲಿ ಫೆಬ್ರವರಿ 18 ಮತ್ತು ಏಪ್ರಿಲ್ 5. ಕ್ಯಾಲೆಂಡರಿನಲ್ಲಿ ಹುಡುಕಿ ಹುಡುಕಿ ಬೇಸತ್ತವರಿಗೆ ಇದರ ಸೂತ್ರ ಗೊತ್ತಾದರೆ ಖುಷಿಯಾಗಬಹುದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಹುಣ್ಣಿಮೆಯನ್ನು ಇಗರ್ಜಿಯ ಪಂಚಾಂಗದ ಪ್ರಕಾರ ಹಿಡಿಯುತ್ತಾರೆ, ಆಕಾಶದ ಹುಣ್ಣಿಮೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಹೀಗಾಗಿ ಆ ವಾರ ಕಾಳಿ ನದಿಯ ಬಾಯಲ್ಲಿ ಕಡಲಿನ ಭರತ (ಉಬ್ಬರ) ದೊಡ್ಡದು, ಇಳಿತವೂ ದೊಡ್ಡದು. ಬಲೆ ಬಿಡುವವರಿಗೆ ಬೇರೆ ಕ್ಯಾಲೆಂಡರ್ ಬೇಡ.

ನಮಗೆ ಗೊತ್ತಿರುವ ಒಂದು ಹಬ್ಬದ ಜೊತೆ ಇಟ್ಟು ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಗೋಕರ್ಣದಲ್ಲಿ ಶಿವರಾತ್ರಿ. ಉಪವಾಸ ಇದೆ, ಜಾಗರಣೆ ಇದೆ, ಹಣೆಗೆ ಭಸ್ಮ ಇದೆ. ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ರಾತ್ರಿ, ಆಕಾಶವೇ ಕತ್ತಲು ಕೊಡುತ್ತದೆ. ಈಸ್ಟರ್ ಜಾಗರಣೆ, ಅಂದರೆ ನಾನು ಕೂತಿದ್ದ ಆ ಶನಿವಾರ ರಾತ್ರಿಯ ಪೂಜೆ, ಬರುವುದು ಹುಣ್ಣಿಮೆಯ ಬೆನ್ನಿಗೆ. ಕತ್ತಲು ಪುಕ್ಕಟೆ ಸಿಗುವುದಿಲ್ಲ, ಮನುಷ್ಯರೇ ಮಾಡಿಕೊಳ್ಳಬೇಕು. 2026ರಲ್ಲಿ ಶಿವರಾತ್ರಿ ಮುಗಿದ ಮೂರೇ ದಿನಕ್ಕೆ ಬೂದಿ ಬುಧವಾರ ಬಂತು.

ಬೂದಿ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಇಡೀ ಆಚರಣೆಯಲ್ಲೇ ಇಷ್ಟವಾದ ವಿಷಯ. ಈಸ್ಟರಿಗೆ ಒಂದು ವಾರ ಮೊದಲು ಗರಿಗಳ ಭಾನುವಾರ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಜೈಕಾರ ಹಾಕಿದ ನೆನಪು. ನಮ್ಮ ಕಡೆ ತೆಂಗಿನ ಗರಿ. ಮಾವ್ಶಿ ಅದನ್ನು ಮಡಚಿ ಶಿಲುಬೆಯ ಆಕಾರ ಮಾಡಿ, ದೇವರ ಪಟದ ಹಿಂದೆ ಸಿಕ್ಕಿಸಿ ಇಡುತ್ತಾರೆ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಬೇಸಗೆ ಹೊತ್ತಿಗೆ ಒಣಗಿ ಕಡ್ಡಿಯಾಗುತ್ತದೆ. ಮುಂದಿನ ವರ್ಷ ಅಂಥ ಗರಿಗಳನ್ನು ಒಟ್ಟು ಮಾಡಿ ಸುಡುತ್ತಾರೆ. ಆ ಬೂದಿಯೇ ಬುಧವಾರ ಹಣೆಗೆ. ಹೋದ ವರ್ಷ ಜೈಕಾರ ಹಾಕಿದ ಗರಿ ಈ ವರ್ಷ 'ನೀನು ಮಣ್ಣು, ಮಣ್ಣಿಗೇ ಹೋಗುತ್ತೀಯ' ಅಂತ ನೆನಪಿಸುತ್ತದೆ.

ಅದೇ ದಿನ ಓದುವ ಬೈಬಲಿನ ಮತ್ತಾಯನ ಸುವಾರ್ತೆಯ ಭಾಗ ಇನ್ನೂ ತಮಾಷೆ. ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡ, ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ, ಯಾರಿಗೂ ಗೊತ್ತಾಗಬಾರದು ಅನ್ನುವ ಮಾತು ಅದರಲ್ಲಿದೆ. ಅದನ್ನು ಕೇಳಿದ ಸ್ವಲ್ಪ ಹೊತ್ತಿಗೇ ಎಲ್ಲರ ಹಣೆ ಮೇಲೂ ಕಪ್ಪು ಶಿಲುಬೆ! ಈ ಜಗ್ಗಾಟವನ್ನು ಯಾರೂ ಬಿಡಿಸಲಿಕ್ಕೆ ಹೋಗಿಲ್ಲ. ಬಿಡಿಸದೇ ಇದ್ದದ್ದೇ ಒಳ್ಳೆಯದು ಅನಿಸುತ್ತದೆ.

ಇನ್ನು ಊಟದ ವಿಷಯ. ಕಥೋಲಿಕರ ಈಗಿನ ನಿಯಮ ನಾವಂದುಕೊಂಡಷ್ಟು ಕಠಿಣ ಅಲ್ಲ. ಬೂದಿ ಬುಧವಾರ ಮತ್ತು ಯೇಸು ಶಿಲುಬೆಯ ಮೇಲೆ ಸತ್ತ ಶುಭ ಶುಕ್ರವಾರ ಈ ಎರಡು ದಿನ 18ರಿಂದ 59 ವರ್ಷದವರು ಒಂದೇ ಪೂರ್ತಿ ಊಟ ಮಾಡಬೇಕು, ಬೇಕಾದರೆ ಎರಡು ಸಣ್ಣ ತಿಂಡಿ. ಆ ಎರಡು ದಿನ ಮತ್ತು ತಪಸ್ಸು ಕಾಲದ ಶುಕ್ರವಾರಗಳಲ್ಲಿ 14 ದಾಟಿದವರು ಮಾಂಸ ಬಿಡಬೇಕು. ಮೀನಿಗೆ ಅಡ್ಡಿಯಿಲ್ಲ. ಇದು ರೋಮಿಗೆ ಸರಿ, ಕಾರವಾರಕ್ಕೆ ಎಲ್ಲಿ ಸರಿಯಾಗುತ್ತದೆ? ಕೋಳಿ ಬಿಟ್ಟು ಇಸವಾಣ ಹುರಿದು ತಿಂದರೆ ಅದು ತ್ಯಾಗವೋ ಹಬ್ಬವೋ? ಮಾವ್ಶಿ ಈ ಪ್ರಶ್ನೆಯನ್ನು ತಾವೇ ಬಗೆಹರಿಸಿಕೊಂಡಿದ್ದಾರೆ. ನಲವತ್ತೂ ದಿನ ಮನೆಯಲ್ಲಿ ಮೀನಿಲ್ಲ.

"ಬಂಗಡೆ ಸಾರು ಉಂಡ್ಕೊಂಡು ಉಪವಾಸ ಮಾಡ್ದೆ ಅಂದ್ರೆ ದೇವ್ರು ನಗೂದಿಲ್ವಾ ಮಗಾ?"

ಉಳಿದ ದುಡ್ಡು ಅಡುಗೆಮನೆ ಕಿಟಕಿಯ ಹತ್ತಿರದ ಹಾರ್ಲಿಕ್ಸ್ ಬಾಟಲಿಗೆ ಹೋಗುತ್ತದೆ. ಮೀನು ಮಾರುವವಳು ಬಾಗಿಲಿಗೆ ಬಂದು ದರ ಹೇಳುತ್ತಾಳೆ, ಇವರು 'ಇವತ್ತು ಬೇಡ' ಅಂತ ಅಷ್ಟೇ ದುಡ್ಡನ್ನು ಬಾಟಲಿಗೆ ಹಾಕುತ್ತಾರೆ. ಬಾಟಲಿ ತುಂಬಿದರೆ ಯಾರದೋ ಆಸ್ಪತ್ರೆ ಖರ್ಚಿಗೆ. ಈ ಲೆಕ್ಕಾಚಾರದ ಹಿಂದೆ ಹಳೆಯ ಮಾತೊಂದಿದೆ. ಬೂದಿ ಬುಧವಾರದ ನಂತರದ ಶುಕ್ರವಾರ, ಶನಿವಾರ ಬೈಬಲಿನ ಯೆಶಾಯ ಪ್ರವಾದಿಯ ಪುಸ್ತಕದ 58ನೇ ಅಧ್ಯಾಯ ಓದುತ್ತಾರೆ. ತಲೆ ತಗ್ಗಿಸಿ ಗೋಣಿತಟ್ಟಿನ ಮೇಲೆ ಕೂತರೆ ಅದು ಉಪವಾಸವೇ ಅಂತ ಅಲ್ಲಿ ದೇವರು ಕೇಳುತ್ತಾನೆ. ಹಸಿದವನಿಗೆ ನಿನ್ನ ರೊಟ್ಟಿ ಹಂಚು, ಮನೆಯಿಲ್ಲದವನನ್ನು ಒಳಗೆ ಕರಿ, ಆಗ ನಿನ್ನ ಬೆಳಕು ಬೆಳಗಿನ ಜಾವದ ಹಾಗೆ ಮೂಡುತ್ತದೆ, ನಿನ್ನ ಕತ್ತಲು ನಡುಹಗಲಿನಂತಾಗುತ್ತದೆ ಅನ್ನುತ್ತಾನೆ. ತಪಸ್ಸು ಕಾಲದಲ್ಲಿ ಬೆಳಕಿನ ಮಾತು ಶುರುವಾಗುವುದೇ ಇಲ್ಲಿಂದ. ಬೆಳಕು ಧ್ಯಾನದಿಂದ ಬರುತ್ತದೆ ಅಂತ ಯೆಶಾಯ ಹೇಳುವುದಿಲ್ಲ. ಬೇರೆಯವರ ಹಸಿವಿನ ದಾರಿಯಲ್ಲಿ ಬರುತ್ತದೆ ಅನ್ನುತ್ತಾನೆ.

ಈಗ ಕತ್ತಲು ಮಾಡುವ ಕೆಲಸಕ್ಕೆ ಬರೋಣ. ಇಗರ್ಜಿ ಇದನ್ನು ಒಂದೇ ಸಲಕ್ಕೆ ಮಾಡುವುದಿಲ್ಲ. ಒಂದೊಂದಾಗಿ ಕಡಿಮೆ ಮಾಡುತ್ತ ಹೋಗುತ್ತದೆ. ಮೊದಲ ದಿನದಿಂದಲೇ 'ಅಲ್ಲೆಲೂಯ' ಅನ್ನುವ ಜೈಕಾರ ಇಲ್ಲ. ಬಲಿಪೀಠದ ಮೇಲೆ ಹೂವಿಲ್ಲ. ವಾದ್ಯ ಹಾಡಿಗೆ ಆಸರೆಯಾಗುವಷ್ಟು ಮಾತ್ರ. ಫಾದರ್ ಉಡುಪು ನೇರಳೆ. ಅದೇ ಹೊತ್ತಿಗೆ ಹೊರಗೆ ನೋಡಿ, ನಮ್ಮ ಜಿಲ್ಲೆಯಲ್ಲಿ ಗದ್ದಲವೇ ಗದ್ದಲ. ಅಂಕೋಲೆ ಕಡೆ ಹಾಲಕ್ಕಿಗಳ ಸುಗ್ಗಿ ಕುಣಿತ, ಹೋಳಿ, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆ. ಬೀದಿಯಲ್ಲಿ ಬಣ್ಣ, ಇಗರ್ಜಿಯೊಳಗೆ ಬಣ್ಣ ಕಳೆಯುವ ಕೆಲಸ. ನಾಲ್ಕನೇ ಭಾನುವಾರ ಮಾತ್ರ ಸ್ವಲ್ಪ ಸಡಿಲ. ಅಂದು ಗುಲಾಬಿ ಬಣ್ಣದ ಉಡುಪಿಗೆ ಅವಕಾಶ ಉಂಟು, ಹೂವೂ ಇಡಬಹುದು. ಅರ್ಧ ದಾರಿ ಬಂದವರಿಗೆ ಒಂದು ಲೋಟ ಪಾನಕ ಕೊಟ್ಟ ಹಾಗೆ.

ಐದನೇ ಭಾನುವಾರದ ಹೊತ್ತಿಗೆ ಬಹಳ ಕಡೆ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚುತ್ತಾರೆ. ಪವಿತ್ರ ಗುರುವಾರ ಸಂಜೆ ಒಮ್ಮೆ ಜೋರಾಗಿ ಗಂಟೆ ಹೊಡೆದು, ಆಮೇಲೆ ಗಂಟೆಗಳೂ ಸುಮ್ಮನಾಗುತ್ತವೆ. ಗಂಟೆ ಬೇಕಾದಲ್ಲಿ ಮರದ ಹಲಗೆಯ ಕಟಕಟ ಸದ್ದು. ಪೂಜೆ ಮುಗಿದ ಮೇಲೆ ಬಲಿಪೀಠದ ಬಟ್ಟೆ ತೆಗೆಯುತ್ತಾರೆ. ಪರಮಪ್ರಸಾದ ಇಡುವ ಗೂಡು ಖಾಲಿ, ಅದರ ಬಾಗಿಲು ತೆರೆದೇ ಇರುತ್ತದೆ. ಶುಕ್ರವಾರ ಬಲಿಪೂಜೆಯೇ ಇಲ್ಲ. ಮನೆ ಖಾಲಿ ಮಾಡಿ ಹೊರಡುವ ಮುಂಚೆ ಒಂದು ಸುತ್ತು ನೋಡುತ್ತೇವಲ್ಲ, ಹಾಗೆ ಕಾಣುತ್ತದೆ ಇಗರ್ಜಿ.

ಹಿಂದೆ ಗುರುವಾರ, ಶುಕ್ರವಾರ, ಶನಿವಾರ ಈ ಮೂರು ದಿನಗಳಿಗೆ ಇನ್ನೊಂದು ಪ್ರಾರ್ಥನೆ ಇತ್ತು. ಲ್ಯಾಟಿನ್‌ನಲ್ಲಿ ಅದರ ಹೆಸರು 'ತೆನೆಬ್ರೆ', ಅಂದರೆ ಕತ್ತಲೆಗಳು. ತ್ರಿಕೋನಾಕಾರದ ಸ್ಟ್ಯಾಂಡಿನ ಮೇಲೆ 15 ಮೇಣದಬತ್ತಿ. ಒಂದು ಕೀರ್ತನೆ ಹಾಡಿ ಮುಗಿಸಿದ ಹಾಗೆ ಒಂದು ಬತ್ತಿ ಆರಿಸುವುದು. ಹದಿನಾಲ್ಕು ಆರಿದ ಮೇಲೆ ತುದಿಯಲ್ಲಿರುವ ಒಂದು ಉಳಿಯುತ್ತದೆ. ಅದನ್ನು ಆರಿಸುವುದಿಲ್ಲ, ಉರಿಯುತ್ತಿರುವಾಗಲೇ ಒಯ್ದು ಬಲಿಪೀಠದ ಹಿಂದೆ ಮುಚ್ಚಿಡುತ್ತಾರೆ. ಎಲ್ಲ ಕತ್ತಲು. ಆಗ ಪುಸ್ತಕಗಳಿಂದ ಬೆಂಚಿಗೆ ಬಡಿದು ದಡಬಡ ಸದ್ದು ಮಾಡುತ್ತಾರೆ. ಯೇಸು ಸತ್ತಾಗ ಭೂಮಿ ನಡುಗಿದ್ದರ ನೆನಪು ಅದು. ಸದ್ದು ನಿಂತ ಮೇಲೆ ಮುಚ್ಚಿಟ್ಟ ಬತ್ತಿ ವಾಪಸ್ ಬರುತ್ತದೆ, ಜನ ಮಾತಾಡದೆ ಮನೆಗೆ ಹೋಗುತ್ತಾರೆ. ಈಗ ಇದು ಕೆಲವೇ ಕಡೆ ಉಳಿದಿದೆ. ತಪಸ್ಸು ಕಾಲದ ಪೂರ್ತಿ ವಿಚಾರ ಆ ಹದಿನೈದನೇ ಬತ್ತಿಯಲ್ಲಿದೆ ಅಂತ ನನಗನಿಸುತ್ತದೆ. ಕತ್ತಲಲ್ಲಿ ಕೂತವನಿಗೆ ಬೆಳಕು ಕಾಣುವುದಿಲ್ಲ, ಆದರೆ ಅದು ಆರಿಲ್ಲ. ಎಲ್ಲೋ ಬಲಿಪೀಠದ ಹಿಂದೆ ಉರಿಯುತ್ತಲೇ ಇದೆ. ಭರವಸೆ ಅಂದರೆ ಅಷ್ಟೇ. ಕಾಣುತ್ತಿದ್ದರೆ ಅದಕ್ಕೆ ಭರವಸೆ ಅನ್ನುವ ಹೆಸರೇಕೆ ಬೇಕು?

ಇದೆಲ್ಲ ನಾವಾಗಿ ಮಾಡಿಕೊಂಡ ಕತ್ತಲು. ತಾನಾಗಿ ಬಂದು ಮೇಲೆ ಬೀಳುವ ಕತ್ತಲಿನ ಕತೆ ಏನು? ಕಡಲಿಗೆ ಹೋದವರು ಬಾರದ ಮನೆಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ಅವರಿಗೆ 'ಈಸ್ಟರ್ ಬರುತ್ತದೆ, ಅಳಬೇಡಿ' ಅಂದರೆ ಕೆನ್ನೆಗೆ ಹೊಡೆದ ಹಾಗಾಗುತ್ತದೆ. ಬೈಬಲ್ಲೂ ಹಾಗೆ ಅನ್ನುವುದಿಲ್ಲ. 88ನೇ ಕೀರ್ತನೆ ಓದಿ ನೋಡಿ. ಬೇರೆ ಗೋಳಿನ ಕೀರ್ತನೆಗಳು ಬಹುಪಾಲು ಕೊನೆಯಲ್ಲಿ ಒಂದು ಸಮಾಧಾನದ ಮಾತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಶಬ್ದವೇ ಕತ್ತಲು. ಆದರೂ ಅದನ್ನು ಯಾರೂ ತೆಗೆದುಹಾಕಲಿಲ್ಲ. ಫಾದರ್‌ಗಳು, ಸಿಸ್ಟರ್‌ಗಳು ಪ್ರತಿ ಶುಕ್ರವಾರ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಅದನ್ನೇ ಹೇಳುತ್ತಾರೆ. ಸಮಾಧಾನ ಸಿಗದವನ ಮಾತಿಗೂ ಪ್ರಾರ್ಥನೆಯಲ್ಲಿ ಜಾಗ ಇದೆ.

ಸ್ಪೇನಿನ ಸಂತ ಶಿಲುಬೆಯ ಯೊವಾನ್ನ ಈ ಕತ್ತಲನ್ನು ಒಳಗಿಂದ ಕಂಡವನು. 1577ರ ಡಿಸೆಂಬರಿನಲ್ಲಿ ಅವನದೇ ಸನ್ಯಾಸಿ ಪಂಗಡದವರು ಅವನನ್ನು ಹಿಡಿದು ತೊಲೆದೊ ಊರಿನಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕೂಡಿಹಾಕಿದರು. ಮುಂದಿನ ಆಗಸ್ಟಿನಲ್ಲಿ ತಪ್ಪಿಸಿಕೊಂಡ. ಆ ಕೋಣೆಯಲ್ಲೇ ಕವಿತೆ ಕಟ್ಟಿದ. ಮುಂದೆ ಆತ್ಮದ ಕತ್ತಲ ಇರುಳಿನ ಬಗ್ಗೆ ಬರೆಯುವಾಗ ವಿಚಿತ್ರವಾದ ಮಾತೊಂದನ್ನು ಹೇಳಿದ. ದೇವರ ಬೆಳಕು ಕಮ್ಮಿಯಾಗಿ ಕತ್ತಲಾಗುವುದಿಲ್ಲ, ಬೆಳಕು ಕಣ್ಣಿಗೆ ಮೀರಿದಾಗಲೂ ಕತ್ತಲಾಗುತ್ತದೆ, ಸೂರ್ಯನನ್ನೇ ದಿಟ್ಟಿಸಿದವನಿಗೆ ಆಗುವ ಹಾಗೆ ಅಂತ. ಇದನ್ನು ಎಲ್ಲ ದುಃಖಕ್ಕೂ ಹಚ್ಚುವುದು ಬೇಡ. ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಡ ಅನಿಸುವವರಿಗೆ ಬೇಕಾದದ್ದು ಡಾಕ್ಟರು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಪವಾಸ ಅದಕ್ಕೆ ಔಷಧ ಅಲ್ಲ.

ನಮ್ಮ ಹತ್ತಿರದವನೇ ಇನ್ನೊಬ್ಬ ಇದ್ದಾನೆ, ಸಂತ ಜೋಸೆಫ್ ವಾಜ್. ಗೋವೆಯ ಬೆನೋಲಿಯವನು. 1681ರಲ್ಲಿ ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ ಬಂದು ಕೆಲವು ವರ್ಷ ಇಲ್ಲಿ ದುಡಿದ. 1687ರಲ್ಲಿ ಕೂಲಿಯ ವೇಷದಲ್ಲಿ ಶ್ರೀಲಂಕೆಗೆ ಹೋದ. ಅಲ್ಲಿ ಡಚ್ಚರು ಕಥೋಲಿಕ ಪೂಜೆಯನ್ನು ನಿಷೇಧಿಸಿದ್ದರು. ಅವನು ರಾತ್ರಿ ಹೊತ್ತು ಮನೆಗಳಲ್ಲಿ ಗುಟ್ಟಾಗಿ ಪೂಜೆ ನಡೆಸಿದ. ಅವನಿಗೆ ಕತ್ತಲು ಶತ್ರು ಆಗಿರಲಿಲ್ಲ, ಅಡಗಿಕೊಳ್ಳಲಿಕ್ಕೆ ಸಿಕ್ಕ ಕಂಬಳಿಯಾಗಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವನನ್ನು ಸಂತ ಅಂತ ಘೋಷಿಸಿದರು.

ಈಗ ಮತ್ತೆ ಆ ಶನಿವಾರದ ರಾತ್ರಿಗೆ. ಓದುವಾಗ ನನಗೆ ನಂಬಲಿಕ್ಕೇ ಆಗದ ವಿಷಯ ಒಂದು ಸಿಕ್ಕಿತು. ನೂರಾರು ವರ್ಷ ಈ ಜಾಗರಣೆ ನಡೆಯುತ್ತಿದ್ದದ್ದು ರಾತ್ರಿಯಲ್ಲ, ಶನಿವಾರ ಬೆಳಿಗ್ಗೆ! ಮೊದಲ ಶತಮಾನಗಳಲ್ಲಿ ರಾತ್ರಿಯ ಪೂಜೆಯೇ ಆಗಿತ್ತು. ಆಮೇಲೆ ಅದು ಮೆಲ್ಲಗೆ ಸಂಜೆಗೆ, ಮಧ್ಯಾಹ್ನಕ್ಕೆ, ಕೊನೆಗೆ ಬೆಳಿಗ್ಗೆಗೆ ಸರಿಯಿತು. ಬಿಸಿಲು ಬಿದ್ದ ಇಗರ್ಜಿಯಲ್ಲಿ ನಿಂತು 'ಇದೇ ಆ ರಾತ್ರಿ' ಅಂತ ಹಾಡುತ್ತಿದ್ದರು. ಹಾಡಿನಲ್ಲಿ ರಾತ್ರಿ, ತಲೆ ಮೇಲೆ ಸೂರ್ಯ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಇದನ್ನು ರಾತ್ರಿ ನಡೆಸಲು ಪ್ರಯೋಗವಾಗಿ ಅನುಮತಿ ಕೊಟ್ಟರು. 1955ರ ಆದೇಶದ ಮೂಲಕ ಮುಂದಿನ ವರ್ಷದಿಂದ ಎಲ್ಲ ಕಡೆಗೂ ಅದೇ ನಿಯಮವಾಯಿತು. ಈಗ ಕತ್ತಲಾಗುವ ಮೊದಲು ಶುರು ಮಾಡುವಂತಿಲ್ಲ, ಭಾನುವಾರ ಬೆಳಗಾಗುವ ಮೊದಲು ಮುಗಿಸಬೇಕು. ಕತ್ತಲನ್ನು ವಾಪಸ್ ತರಲಿಕ್ಕೆ ಪೋಪ್ ಆದೇಶವೇ ಬೇಕಾಯಿತು. ಎಮರ್ಜೆನ್ಸಿ ಲೈಟ್ ಹೊಟ್ಟೆಗೆ ಒತ್ತಿಕೊಂಡು ಕೂತವರ ಕಷ್ಟ ಆಗ ನನಗೆ ದೊಡ್ಡದಾಗಿ ಕಂಡಿತು.

ಅಂಗಳದಲ್ಲಿ ತೆಂಗಿನ ಸಿಪ್ಪೆ, ಕರಟ ಒಟ್ಟಿ ಬೆಂಕಿ ಮಾಡಿದ್ದರು. ಹೊಸ ಬೆಂಕಿ ಅನ್ನುತ್ತಾರೆ ಅದಕ್ಕೆ. ಫಾದರ್ ದೊಡ್ಡ ಪಾಸ್ಖ (ಈಸ್ಟರ್) ಮೇಣದಬತ್ತಿಯ ಮೇಲೆ ಶಿಲುಬೆ ಗೀರಿದರು. ಅದರ ಮೇಲೆ, ಕೆಳಗೆ ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ. ನಾಲ್ಕು ಮೂಲೆಗೆ ಆ ವರ್ಷದ ನಾಲ್ಕು ಅಂಕಿ. ಯೇಸುವಿನ ಐದು ಗಾಯಗಳ ಗುರುತಿಗೆ ಐದು ಧೂಪದ ಹರಳು. ಬೆಂಕಿಯಿಂದ ಬತ್ತಿ ಹಚ್ಚಿಕೊಂಡು ಒಳಗೆ ಬಂದರು. ಬಾಗಿಲಲ್ಲಿ ಒಮ್ಮೆ, ನಡುವೆ ಒಮ್ಮೆ, ಬಲಿಪೀಠದ ಎದುರು ಒಮ್ಮೆ ನಿಂತು ಕ್ರಿಸ್ತನ ಬೆಳಕು ಅಂತ ಹಾಡಿದರು. ನಡುವೆ ನಿಂತಾಗ ಜನ ತಮ್ಮ ಸಣ್ಣ ಬತ್ತಿಗಳನ್ನು ಹಚ್ಚಿಕೊಳ್ಳುತ್ತಾರೆ. ಟ್ಯೂಬ್‌ಲೈಟ್ ಇದ್ದಿದ್ದರೆ ಆ ಒಂದು ಜ್ವಾಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕತ್ತಲಲ್ಲಿ ಅದು ಬಾಗಿಲಿಂದ ಹಿಡಿದು ತೊಲೆಯವರೆಗೆ ನೆರಳು ಹಾಕಿತು.

ಆಮೇಲೆ ಹಾಡುವ ಉದ್ದನೆಯ ಪಾಸ್ಖ ಘೋಷಣೆಯಲ್ಲಿ ಜೇನ್ನೊಣಗಳ ಹೊಗಳಿಕೆ ಬರುತ್ತದೆ! ಮೇಣ ಮಾಡಿಕೊಟ್ಟದ್ದಕ್ಕೆ. ಶಿರಸಿ ಕಡೆ ತುಡುವೆ ಸಾಕುವವರಿಗೆ ಇದನ್ನು ಹೇಳಲೇಬೇಕು. ಈಗಿನ ಅಂಗಡಿ ಮೇಣದಬತ್ತಿ ಬಹುಪಾಲು ಪೆಟ್ರೋಲಿಯಂನಿಂದ ಬಂದದ್ದು, ಆದರೂ ಹಾಡಿನಲ್ಲಿ ನೊಣಗಳ ಪಾಲು ಉಳಿದಿದೆ. ಬೆಂಕಿಯನ್ನು ಹಂಚಿದರೂ ಅದು ಕಮ್ಮಿಯಾಗುವುದಿಲ್ಲ ಅನ್ನುವ ಮಾತೂ ಅಲ್ಲೇ ಇದೆ. ಮೊದಲ ಓದು ಆದಿಕಾಂಡದ ಸೃಷ್ಟಿಯ ಕತೆ. ಅದರಲ್ಲಿ ಬೆಳಕು ಹುಟ್ಟುವುದು ಮೊದಲ ದಿನ, ಸೂರ್ಯ ಬರುವುದು ನಾಲ್ಕನೇ ದಿನ.

ನಮ್ಮ ಸಾಲಿಗೆ ಬೆಂಕಿ ಬಂದಾಗ ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ ಇದ್ದಳು. ಮೇಣ ಬೀಳದ ಹಾಗೆ ತನ್ನ ಬತ್ತಿಗೆ ಪೇಪರ್ ಕಪ್ ಸಿಕ್ಕಿಸಿದ್ದಳು. ಬತ್ತಿಯನ್ನು ನೆಟ್ಟಗೆ ಹಿಡಿದು ನಿಂತಳು. ಅವಳೇ ಬಗ್ಗಿಸಿ ನನ್ನದಕ್ಕೆ ಹಚ್ಚಲಿ ಅಂತ ನಾನು ಕಾದೆ.

"ಅಂಕಲ್, ನಿಮ್ದು ಬಗ್ಗಿಸಿ. ಹತ್ತಿದ್ದನ್ನ ಬಗ್ಗಿಸಬಾರದು, ಮೇಣ ಸುರೀತದೆ."

ಬಗ್ಗಿಸಿದೆ, ಹತ್ತಿತು. ಮಾವ್ಶಿಗೆ ಕೊಟ್ಟೆ. ಮಾವ್ಶಿ ಆ ಕಡೆ ತಿರುಗಿದರು. ಅಲ್ಲಿ ಎಮರ್ಜೆನ್ಸಿ ಲೈಟಿನವರು ಕೂತಿದ್ದರು, ಎರಡೂ ಕೈ ಇನ್ನೂ ಹೊಟ್ಟೆ ಮೇಲೆ. ಬತ್ತಿ ಹಿಡಿಯಲಿಕ್ಕೆ ಕೈಯೇ ಖಾಲಿ ಇರಲಿಲ್ಲ. ಅವರ ಬತ್ತಿಯನ್ನೂ ಮಾವ್ಶಿಯೇ ಹಚ್ಚಿ, ಎರಡೂ ಕೈಯಲ್ಲಿ ಒಂದೊಂದು ಹಿಡಿದು ಕೂತರು.